ತಂಗಿಗೆ ಬಿದ್ದ ಚಪ್ಪಾಳೆ

ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂ. ತಂಗಿ ಟೈಲರ್, ಶಾಲೆಯಲ್ಲಿ ವಿಜ್ಞಾನದಲ್ಲೇ ಡುಮ್ಕಿ ಹೊಡೆದವಳು. ಆದರೆ ಗ್ರಂಥಾಲಯದ ಹಾಲ್ ತುಂಬುತ್ತಿದ್ದುದು ತಂಗಿ ಮಾತಾಡುವ ಭಾನುವಾರಗಳಲ್ಲಿ.

‘ಯೋಚನೆ ಎಲ್ಲಿಂದ ಬರುತ್ತೆ?’ ಎಂಬುದು ಅವಳ ವಿಷಯ. ಬಟ್ಟೆಯೊಂದರ ಎರಡು ತುದಿಗಳಲ್ಲಿ ಸೀಮೆಸುಣ್ಣದ ಚುಕ್ಕೆ ಇಟ್ಟು, ಮಡಿಸಿ, ಎರಡನ್ನೂ ಮುಟ್ಟಿಸುತ್ತಿದ್ದಳು. “ಬಟ್ಟೆ ಮೇಲೆ ಹರಿಯೋ ಇರುವೆಗೆ ಇದು ಪವಾಡ, ನಮಗೆ ಬರೀ ಮಡಿಕೆ. ನಮ್ಮ ಮನಸ್ಸೂ ಕಾಣದ ಆಯಾಮದಲ್ಲಿ ಹೀಗೇ ಮಡಿಸ್ಕೊಳ್ಳುತ್ತೆ. ಎಲ್ಲಾ ಕ್ವಾಂಟಮ್ಮು! ಅದಕ್ಕೇ ಸತ್ತವರ ಮಾತು ಥಟ್ಟನೆ ಕಿವಿಗೆ ಬೀಳೋದು.”

ಅಕ್ಕ ಇದನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ಅವಳ ಕಾಲೇಜಿನ ಪಾಠದ ಬಗ್ಗೆ ಒಂದು ದಿನವೂ ವಿಚಾರಿಸದ ಅಪ್ಪ ಊಟದ ಮೇಜಿನಲ್ಲಿ ಕರವಸ್ತ್ರ ಮಡಿಸಿ ತೋರಿಸುತ್ತ, “ಕ್ವಾಂಟಮ್ ಅಂದ್ರೆ ನಿಂಗೇನಾದ್ರೂ ಗೊತ್ತೇನಮ್ಮ?” ಎಂದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ಭಾನುವಾರ ಅವಳೂ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಮೊದಲ ಸಾಲಿನಲ್ಲಿ ಅಪ್ಪ ನೋಟ್‌ಬುಕ್ ಹಿಡಿದಿದ್ದರು. ಪ್ರಶ್ನೆಗಳ ಸರದಿ ಬಂದಾಗ ಅಕ್ಕ ಎದ್ದು ನಿಂತಳು. ಒಡಹುಟ್ಟಿದವಳಿಗೇ ಬಹುವಚನ ಹಚ್ಚಿದಳು.

“ಮೆದುಳು ಬೆಚ್ಚಗಿರೋ, ಒದ್ದೆ ಅಂಗ. ಅಲ್ಲಿ ಕ್ವಾಂಟಮ್ ಸ್ಥಿತಿ ಕಣ್ಣು ಮಿಟುಕಿಸೋದಕ್ಕಿಂತ ಕೋಟಿ ಪಾಲು ಬೇಗ ಒಡೆದುಹೋಗುತ್ತೆ ಅಂತಾರೆ ಲೆಕ್ಕ ಮಾಡಿದವರು. ಇನ್ನು ಹೆಚ್ಚಿನ ಆಯಾಮ ಇದೆ ಅನ್ನೋದಕ್ಕೇ ಪುರಾವೆ ಸಿಕ್ಕಿಲ್ಲ. ನಿಮ್ಮ ಮಡಿಕೆಗೆ ಆಧಾರ ಏನು?”

ತಂಗಿಯ ಕೈಯಲ್ಲಿದ್ದ ಬಟ್ಟೆ ಜಾರಿತು. “ನಂಗೊತ್ತಿಲ್ಲ, ಅಕ್ಕ.”

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಒಬ್ಬೊಬ್ಬರೇ ಹೊರಟರು. ಅಕ್ಕನ ಹೊಟ್ಟೆಯ ಕಿಚ್ಚಿಗೆ ನೀರು ಬಿದ್ದಂತಾಯಿತು.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದರು. “ಹಾಗಾದ್ರೆ ನಾನು ಶೇವ್ ಮಾಡ್ಕೊಳ್ಳೋವಾಗ ನಿಮ್ಮಮ್ಮ ‘ಕಿವಿ ಹತ್ರ ಸೋಪ್ ಉಳ್ಕೊಂಡಿದೆ’ ಅಂತಾಳಲ್ಲ, ಅದೆಲ್ಲಿಂದ ಬರುತ್ತೆ?”

ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

“ಗೊತ್ತಿಲ್ಲಪ್ಪ. ಯಾರಿಗೂ ಪೂರ್ತಿ ಗೊತ್ತಿಲ್ಲ.”

“ಅಷ್ಟು ಹೇಳಿ ಕೂತ್ಕೋಬಹುದಿತ್ತು. ಅವಳ ಮುಖಕ್ಕೆ ಹೊಡೆದ ಹಾಗೆ ಮಾತಾಡ್ಬೇಕಿತ್ತಾ?”

“ನೀವು ನನ್ನನ್ನ ಒಂದು ದಿನಾನೂ ಏನೂ ಕೇಳಲಿಲ್ಲ!” ಅಕ್ಕನ ಕಣ್ಣು ತುಂಬಿತು.

“ಭಯ ಕಣಮ್ಮ. ತಪ್ಪು ಕೇಳಿದ್ರೆ ಮಾರ್ಕ್ಸ್ ಕಳೆಯೋ ಥರ ನೋಡ್ತೀಯ.”

ಸಂಜೆ ಅವಳು ತಂಗಿಯ ಅಂಗಡಿಗೆ ಹೋದಳು. ತಂಗಿ ಮೆಷಿನ್ ತುಳಿಯುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

“ನಿನ್ನ ಮಡಿಕೆ ಚೆನ್ನಾಗಿದೆ. ‘ಹೀಗೇ’ ಅನ್ನೋ ಬದಲು ‘ಹೀಗಿರಬಹುದು’ ಅನ್ನು, ಸಾಕು.”

“ಇದನ್ನ ಮನೇಲೇ ಹೇಳೋಕೆ ಏನಾಗಿತ್ತು?”

“ಹೊಟ್ಟೆಕಿಚ್ಚು.”

ಮೆಷಿನ್ ನಿಂತಿತು. ತಂಗಿ ನಗಲಿಲ್ಲ, ಆದರೆ ಸ್ಟೂಲ್ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟಳು.

ಮರುವಾರ ಅಕ್ಕ ಅಪ್ಪನನ್ನು ಲ್ಯಾಬಿಗೆ ಕರೆದೊಯ್ದಳು. ಪರದೆ ಎಳೆದು, ಕೂದಲೆಳೆಯಷ್ಟು ಸಣ್ಣ ಎರಡು ಸೀಳುಗಳ ಮೂಲಕ ಲೇಸರ್ ಬೆಳಕು ಹಾಯಿಸಿದಳು. ಗೋಡೆಯ ಮೇಲೆ ಎರಡರ ಬದಲು ಹಲವು ಕೆಂಪು ಪಟ್ಟೆಗಳು ಮೂಡಿದವು. ಅಪ್ಪ ತಪ್ಪುತಪ್ಪಾಗಿ ಕೇಳಿದರು. ಅವಳು ಒಂದು ತಾಸು ತಾಳ್ಮೆಯಿಂದ ಹೇಳಿದಳು.

“ಅಬ್ಬಾ, ಎಷ್ಟು ಚೆನ್ನಾಗಿದೆ!” ಎಂದರು ಅಪ್ಪ. “ಇದನ್ನ ನಿನ್ನ ತಂಗಿ ಬಾಯಲ್ಲಿ ಹೇಳಿಸಿದ್ರೆ ಜನ ಮುಗಿಬೀಳ್ತಾರೆ ನೋಡು.”

ಅಕ್ಕ ಹಲ್ಲು ಕಚ್ಚಿಕೊಂಡಳು. ಆಮೇಲೆ ತಂಗಿಗೆ ಫೋನ್ ಮಾಡಿ, ಕೊಂಚ ಗಡುಸಾಗಿಯೇ, ಲ್ಯಾಬಿಗೆ ಬಾ ಎಂದಳು.