ಮೊದಲು ಅಕ್ಷರ, ಆಮೇಲೆ ಮಾತು

ನಂಜುಂಡ ಮೇಷ್ಟ್ರಿಗೆ, ಅಂದರೆ ನನಗೆ, ಪಾಠ ಹೇಳಲು ಬರುವುದಿಲ್ಲ ಎಂದು ಯಾರಾದರೂ ಹೋದ ವರ್ಷ ಅಂದಿದ್ದರೆ ನಾನು ಅವರ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟುಬಿಡುತ್ತಿದ್ದೆ. ಹಾಗೆ ನೋಡಿದರೆ ನಾನು ಕೆಲಸದಿಂದ ಮೇಷ್ಟ್ರಲ್ಲ, ರೈಲ್ವೆಯಲ್ಲಿ ಗುಮಾಸ್ತನಾಗಿ ಸೇರಿ ವಡೋದರಾದಲ್ಲೇ ನಿವೃತ್ತನಾದವನು. ಆದರೆ ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಂಜಲ್‌ಪುರದ ನಮ್ಮ ಮನೆಯ ಹಾಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ಬ್ಯಾಂಕಿನವರ, ವಿಮಾ ಕಂಪನಿಯವರ, ರೈಲ್ವೆಯವರ ಮಕ್ಕಳು ಬರುತ್ತಾರೆ. ಗುಜರಾತಿಯಲ್ಲಿ ಜಗಳ ಆಡುವ, ಇಂಗ್ಲಿಷಿನಲ್ಲಿ ಲೆಕ್ಕ ಮಾಡುವ ಮಕ್ಕಳು. ಅವರ ಬೆರಳು ಹಿಡಿದು ಅ ಆ ತಿದ್ದಿಸಿ ನಾನು ಮೇಷ್ಟ್ರಾದೆ. ನನ್ನ ಪದ್ಧತಿ ಒಂದೇ. ಮೊದಲು ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ, ಎಲ್ಲಾ ಮುಗಿದ ಮೇಲೆ ಮಾತು.

ನನ್ನ ಹೆಂಡತಿ ಗಿರಿಜಾ ಒಳಕೋಣೆಯಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಹೊಲಿಗೆ ಕಲಿಸುತ್ತಾಳೆ. ಅವಳದು ಬೇರೆಯೇ ದಾರಿ. ಬಂದವಳನ್ನು ಕೂರಿಸಿ, ನಿನಗೆ ಏನು ಹೊಲಿಯಬೇಕು ಎಂದು ಮೊದಲು ಕೇಳುತ್ತಾಳೆ. ಮಗಳಿಗೆ ನವರಾತ್ರಿಗೆ ಉಡಲು ಚಣಿಯಾ ಲಂಗ ಅಂದರೆ ಮೊದಲ ದಿನವೇ ಚಣಿಯಾದ ಬಟ್ಟೆ ಕೈಗೆ ಕೊಟ್ಟುಬಿಡುತ್ತಾಳೆ. ಹೊಲಿಗೆ ಸೊಟ್ಟ ಹೋಗುತ್ತದೆ, ಬಿಚ್ಚಿಸುತ್ತಾಳೆ, ಮತ್ತೆ ಹೊಲಿಸುತ್ತಾಳೆ. ದೊಡ್ಡವರು ಸುಮ್ಮನೆ ಕಲಿಯಲು ಬರೋದಿಲ್ಲ ಕಣ್ರೀ, ಏನೋ ಬೇಕಾಗಿ ಬಂದಿರುತ್ತಾರೆ ಅನ್ನುವುದು ಅವಳ ವಾದ. ಬುಡವಿಲ್ಲದ ವಿದ್ಯೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ಮೇದಿನಿ ಬಂದದ್ದು ಜನವರಿಯ ಒಂದು ಭಾನುವಾರ. ನಲವತ್ತರ ಆಸುಪಾಸಿನ ಹೆಂಗಸು, ಮಕರ್‌ಪುರಾದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಗಂಡ ಸೂರತ್‌ನಲ್ಲಿ, ವಾರಕ್ಕೊಮ್ಮೆ ಬರುವವನು. ಹಿಂದಿಯಲ್ಲಿ ತನ್ನ ಕಥೆ ಹೇಳಿದಳು. ತಾಯಿ ಪಾರ್ವತಿ ಹಾಸನದ ಕಡೆಯವರು. ಅಪ್ಪ ಅಹಮದಾಬಾದಿನ ಗುಜರಾತಿ, ಬ್ಯಾಂಕಿನವರು. ಮದುವೆಯಾದಂದಿನಿಂದ ತವರಿನವರು ಮಾತು ಬಿಟ್ಟಿದ್ದರು. ಪಾರ್ವತಮ್ಮನೂ ಹಟಕ್ಕೆ ಬಿದ್ದವರಂತೆ ಮನೆಯಲ್ಲಿ ಒಂದು ಕನ್ನಡ ಪದ ಆಡದೆ, ಪಾರ್ವತಿಬೆನ್ ಆಗಿ ನಲವತ್ತೈದು ವರ್ಷ ಬಾಳಿದ್ದರು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಈಗ ತಾಯಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿದೆ. ಎರಡು ವಾರ ಮಾತೇ ಇರಲಿಲ್ಲವಂತೆ. ಮಾತು ಬಂದಾಗ ಗುಜರಾತಿ ಅಳಿಸಿಹೋಗಿತ್ತು. ಬಾಯಿಂದ ಬರುವುದೆಲ್ಲ ಕನ್ನಡ.

ಇಷ್ಟು ಹೇಳಿ ಅವಳು ತನಗೆ ಬೇಕಾದದ್ದು ಏನೆಂದೂ ಹೇಳಿದಳು. ಅಮ್ಮ ತನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ. ತಾನು ಮುಟ್ಟಲು ಹೋದರೆ ಎಡಗೈಯಿಂದ ತಳ್ಳುತ್ತಾರೆ, ಅಳುತ್ತಾರೆ, ಏನೋ ಹೇಳುತ್ತಾರೆ. ಯಾಕೆ ಕೋಪ ಎಂದು ಅವರ ಭಾಷೆಯಲ್ಲೇ ಕೇಳಬೇಕು, ಅವರು ಹೇಳುವ ಉತ್ತರ ತನಗೆ ತಿಳಿಯಬೇಕು. ಅಷ್ಟು ಸಾಕು. ಅಷ್ಟು ಕಲಿಯುವವರೆಗೆ ಒಂದು ಸಲ ಮನೆಗೆ ಬಂದು ಅಮ್ಮ ಏನನ್ನುತ್ತಿದ್ದಾರೆ ಎಂದು ಕೇಳಿ ಹೇಳುವಿರಾ ಎಂದಳು.

ಅವತ್ತು ನಾನು ಕೊಟ್ಟ ಉತ್ತರವನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. ನಾನು ಬಂದು ಅರ್ಥ ಹೇಳಿಬಿಟ್ಟರೆ ನೀನು ಕಲಿಯುವುದು ಯಾವಾಗ, ಅಡಿಪಾಯ ಇಲ್ಲದೆ ಗೋಡೆ ನಿಲ್ಲುತ್ತದೆಯೇ ಎಂದೆ. ಪ್ರಶ್ನೆ ಕೇಳುವ ಪಾಠ ನನ್ನ ಪುಸ್ತಕದಲ್ಲಿ ಜೂನ್ ತಿಂಗಳಿಗೆ ಬರುತ್ತಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಹೇಳಿ, ಅದರ ಅರ್ಥವನ್ನು ಹಿಂದಿಯಲ್ಲಿ ವಿವರಿಸಿ, ಅವಳನ್ನು ಎಂಟು ವರ್ಷದ ಇಬ್ಬರು ಹುಡುಗಿಯರ ನಡುವೆ ಚಾಪೆಯ ಮೇಲೆ ಕೂರಿಸಿದೆ.

ನಾಲ್ಕು ಭಾನುವಾರ ಬಂದಳು. ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದೊಂದು ಅಕ್ಷರವನ್ನೂ ಪುಟ ತುಂಬಾ ಬರೆದಳು. ಲ್ಯಾಬಿನಲ್ಲಿ ಹತ್ತಾರು ಜನರನ್ನು ಆಳುವ ಹೆಂಗಸು, ಪಕ್ಕದ ಹುಡುಗಿ ಅವಳ ಅಕ್ಷರ ನೋಡಿ ನಕ್ಕಾಗ ತಾನೂ ನಕ್ಕಳು. ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ. ಪ್ರತಿ ಪಾಠದ ಕೊನೆಗೆ, ಅರ್ಥವಾಯಿತೇ ಎಂದು ಕೇಳುತ್ತಿದ್ದೆ. ಆಗಲಿಲ್ಲ ಎನ್ನುವಷ್ಟು ನಾಚಿಕೆಗೆಟ್ಟವಳಲ್ಲ ಅವಳು, ಹೌದು ಸರ್ ಅನ್ನುತ್ತಿದ್ದಳು. ಮೂರನೆಯ ವಾರ, ಅಮ್ಮ ಊಟ ಬಿಡುತ್ತಿದ್ದಾರೆ, ಯಾಕೆ ಎಂದು ಕೇಳುವುದು ಹೇಗೆ ಎಂದು ಮೆಲ್ಲಗೆ ವಿಚಾರಿಸಿದಳು. ಆತುರ ಪಡಬಾರದು ಎಂದು ಬುದ್ಧಿ ಹೇಳಿದೆ.

ಐದನೆಯ ಭಾನುವಾರ ಅವಳು ಬರಲಿಲ್ಲ. ನಾನು ಗೊಣಗಿದೆ. ದೊಡ್ಡವರ ಹಣೆಬರಹವೇ ಇಷ್ಟು, ನಾಲ್ಕು ದಿನದ ಉತ್ಸಾಹ ಎಂದೆ. ಗಿರಿಜಾ ಹೊಲಿಗೆ ಯಂತ್ರ ನಿಲ್ಲಿಸಿ ಹಾಲಿಗೆ ಬಂದು ನನ್ನ ಮುಂದೆ ನಿಂತಳು.

"ಆ ಹುಡುಗಿ ಅಕ್ಷರ ಬೇಕು ಅಂತ ಬಂದಿರ್ಲಿಲ್ಲ ಕಣ್ರೀ. ಅವಳಮ್ಮ ಬೇಕು ಅಂತ ಬಂದಿದ್ಲು. ಎದ್ದು ಹೋಗಿ ನೋಡ್ಕೊಂಡು ಬನ್ನಿ."

ಅವಳ ಮನೆ ನಮ್ಮಲ್ಲಿಂದ ಎರಡು ಬಸ್ ನಿಲ್ದಾಣದಾಚೆ. ನಡೆದೇ ಹೋದೆ. ಮೂರನೆಯ ಮಹಡಿ. ಬಾಗಿಲು ತೆಗೆದ ಮೇದಿನಿಯ ಮುಖ ಬಾಡಿತ್ತು. ಎರಡು ದಿನದಿಂದ ಅಮ್ಮ ಒಂದು ತುತ್ತೂ ತಿಂದಿಲ್ಲ, ಬಿಟ್ಟು ಬರಲಾಗಲಿಲ್ಲ ಎಂದು ಕ್ಷಮೆ ಕೇಳಿದಳು. ಆಗಲೇ ಪಾರ್ವತಮ್ಮನ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಮಲಗಿದಲ್ಲೇ ಇದ್ದರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಎಡಕ್ಕೆ, ಅಂಗಾತ, ಬಲಕ್ಕೆ ಹೀಗೆ ತಿರುಗಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರಂತೆ. ಮೇದಿನಿ ಅದನ್ನು ಗಡಿಯಾರ ನೋಡಿಕೊಂಡು ಪಾಲಿಸುತ್ತಿದ್ದಳು. ನೋಡಿಕೊಳ್ಳಲು ಇದ್ದ ಹಂಸಾಬೆನ್ ಸೊಂಟ ಹಿಡಿದಳು, ಮೇದಿನಿ ಭುಜ ಹಿಡಿದಳು, ಇಬ್ಬರೂ ಮುದುಕಿಯನ್ನು ಜೋಪಾನವಾಗಿ ಬಲಕ್ಕೆ ಹೊರಳಿಸಿದರು. ಪಾರ್ವತಮ್ಮ ಎಡಗೈಯಲ್ಲಿ ಮಗಳನ್ನು ತಳ್ಳಿದರು.

"ಈ ಮಗ್ಗುಲು ಬ್ಯಾಡ ಕಣವ್ವಾ. ತೋಳು ಕಿತ್ತು ಬರ್ತದೆ."

 ಅಷ್ಟು ಸ್ಪಷ್ಟವಾದ ಕನ್ನಡ. ಐದು ವರ್ಷದ ಮಗುವಿಗೂ ತಿಳಿಯುವಂಥದ್ದು. ಮೇದಿನಿ ನನ್ನತ್ತ ತಿರುಗಿ, ನೋಡಿ ಸರ್, ಯಾವಾಗಲೂ ಹೀಗೇ ಬೈಯುತ್ತಾರೆ ಎಂದಳು.

ತಿರುಗಿಸಿ, ಬೇಗ ಅಂಗಾತ ಮಲಗಿಸಿ ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ. ಮಲಗಿಸಿದರು. ಮುದುಕಿಯ ಮುಖ ಸಡಿಲವಾಯಿತು. ಏನಂದರು ಎಂದು ಮೇದಿನಿ ಕೇಳಿದಳು. ಜೀವಮಾನದಲ್ಲಿ ಒಂದು ದೀರ್ಘ ತಪ್ಪಿದರೂ ಕ್ಷಮಿಸದ ನಾನು, ಇವತ್ತು ಯಾಕೋ ಬಲ ತೋಳು ನೋಯುತ್ತಿದೆಯಂತೆ ಎಂದೆ. ಇವತ್ತು ಎಂಬ ಪದವನ್ನು ಬೇಕೆಂದೇ ಸೇರಿಸಿದೆ.

ಆಮೇಲೆ ನಾನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳಿಗೆ ಪಾಠ ಹೇಳಿದೆ. ಪುಸ್ತಕ ಇಲ್ಲ, ಅಕ್ಷರ ಇಲ್ಲ. ನಿನಗೆ ಈಗ ಅಮ್ಮನ ಹತ್ತಿರ ಏನು ಕೇಳಬೇಕು ಎಂದು ಮೊದಲು ಅವಳನ್ನೇ ಕೇಳಿದೆ. ನೀರು ಬೇಕಾ. ಎಲ್ಲಿ ನೋವು. ತಿರುಗಿಸ್ಲಾ. ಗಂಜಿ ಕುಡೀತೀಯಾ. ಒಂದೊಂದನ್ನೂ ನಾನು ಹೇಳುವುದು, ಅವಳು ಅಮ್ಮನಿಗೆ ಹೇಳುವುದು, ಅಮ್ಮ ಕೊಟ್ಟ ಉತ್ತರವನ್ನು ಅವಳೇ ಊಹಿಸುವುದು. ತಪ್ಪಾದರೆ ಇನ್ನೊಮ್ಮೆ. ಅರ್ಥವಾಯಿತೇ ಎಂದು ನಾನು ಕೇಳಲಿಲ್ಲ. ಅವಳ ಕೈಯಲ್ಲಿದ್ದ ಲೋಟ ಅಮ್ಮನ ಬಾಯಿಗೆ ಹೋದಾಗ ನನಗೇ ಗೊತ್ತಾಗುತ್ತಿತ್ತು. ಒಂದು ಗಂಟೆಯೊಳಗೆ ಅವಳಿಗೆ ಹತ್ತು ಮಾತು ಬಂದವು. ಪಾರ್ವತಮ್ಮ ಅರ್ಧ ಬಟ್ಟಲು ಗಂಜಿ ಕುಡಿದರು. ಬಾಗಿಲ ಬಳಿ ನಿಂತಿದ್ದ ಹಂಸಾಬೆನ್ ಕಣ್ಣೊರೆಸಿಕೊಂಡಳು.

ಕೊನೆಗೆ ಅವಳು ತನ್ನ ಮೊದಲ ಪ್ರಶ್ನೆಯನ್ನು ಹೇಳಿಕೊಡಿ ಎಂದಳು. ಹೇಳಿಕೊಟ್ಟೆ. ಅವಳು ಅಮ್ಮನ ಮುಖದ ಹತ್ತಿರ ಬಗ್ಗಿದಳು.

"ಅಮ್ಮಾ, ನನ್ ಮೇಲೆ ಕೋಪಾನಾ?"

ಪಾರ್ವತಮ್ಮ ಮಗಳನ್ನು ನೋಡಿದರು. "ಕೋಪ ಯಾಕವ್ವಾ," ಎಂದರು. ಆಮೇಲೆ ಉಸಿರೆಳೆದುಕೊಂಡು, "ತೋಳು ನೋಯ್ತಿತ್ತು. ಎಷ್ಟು ಸಲ ಹೇಳ್ದೆ. ನೀನು ಕೇಳ್ಲೇ ಇಲ್ಲ," ಎಂದರು.

ಮೇದಿನಿ ನನ್ನನ್ನು ನೋಡಿದಳು. ಕೋಪವಿಲ್ಲವಂತೆ ಎಂದೆ. ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ ಎನ್ನುವಂತೆ ಅವಳು ಒಂದು ಕ್ಷಣ ಕಾದಳು. ನಾನು ಎದ್ದು ಚಪ್ಪಲಿ ಹುಡುಕಿದೆ.

ಅವತ್ತಿನಿಂದ ದಿನಾ ಸಂಜೆ ಹೋದೆ. ಬಲ ತೋಳಿನ ಕೀಲು ಜಾರಿದೆಯೆಂದು ಡಾಕ್ಟರು ಬಂದು ನೋಡಿ ಹೇಳಿದರು, ಆ ಮಗ್ಗುಲಿಗೆ ಹಾಕುವುದನ್ನು ನಿಲ್ಲಿಸಿದರು. ತಾಯಿ ಮಗಳು ತುಂಡು ತುಂಡು ಮಾತಾಡಿದರು. ಹಾಸನದ ಕಡೆಯ ಅವರೆಕಾಳಿನ ಸಾರು ಹೇಗೆ ಮಾಡುವುದು ಎಂದು ಪಾರ್ವತಮ್ಮ ಎರಡು ಸಂಜೆ ಹೇಳಿದರು. ನಲವತ್ತೈದು ವರ್ಷ ಎಲ್ಲಿಟ್ಟಿದ್ದರೋ ಆ ಸಾರನ್ನು. ಮೇದಿನಿ ಯಾವ ಮಗುವಿಗಿಂತಲೂ ಬೇಗ ಕಲಿತಳು. ಇಪ್ಪತ್ತೆರಡು ವರ್ಷದಲ್ಲಿ ನಾನು ನಿಜವಾಗಿ ಪಾಠ ಹೇಳಿದ್ದು ಆ ಒಂಬತ್ತು ದಿನ. ಹತ್ತನೆಯ ದಿನ ಬೆಳಿಗ್ಗೆ ಪಾರ್ವತಮ್ಮನಿಗೆ ಎರಡನೆಯ ಸಲ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಮೇದಿನಿ ಮನೆಗೆ ಬಂದಳು. ಭಾನುವಾರವೇ, ಆದರೆ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ. ಗಿರಿಜಾ ಅವಳ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು.  ಆಮೇಲೆ ಅವಳು ನನ್ನ ಕಡೆ ತಿರುಗಿ, ಹಿಂದಿಯಲ್ಲಲ್ಲ, ಕನ್ನಡದಲ್ಲಿ, ಒಂದೊಂದೇ ಪದವಾಗಿ ಹೇಳಿದಳು.

"ತೋಳು ನೋಯ್ತಿತ್ತು. ಎಷ್ಟು ಸಲ ಹೇಳ್ದೆ. ನೀನು ಕೇಳ್ಲೇ ಇಲ್ಲ. ಅಮ್ಮ ಅವತ್ತು ಹೀಗೇ ಹೇಳಿದ್ದಲ್ವಾ ಸರ್?"

ಆ ಪದಗಳನ್ನೆಲ್ಲ ಆ ಒಂಬತ್ತು ದಿನದಲ್ಲಿ ನಾನೇ ಕಲಿಸಿದ್ದೆ. ಸುಳ್ಳಿಗೆ ಜಾಗವಿರಲಿಲ್ಲ. ಹೌದು ಎಂದೆ.

"ದಿನಕ್ಕೆ ನಾಲ್ಕು ಸಲ ನಾನೇ ಆ ಕಡೆ ಮಲಗಿಸ್ತಿದ್ದೆ ಸರ್," ಎಂದಳು.

ಅದು ನಿನ್ನ ತಪ್ಪಲ್ಲ ಎಂದೆ. ಬಂದ ಮೊದಲ ದಿನವೇ ನೀನು ನನ್ನನ್ನು ಕರೆದೆ, ಬಾರದೆ ಕೂತವನು ನಾನು, ನಿನ್ನಮ್ಮನ ಒಂದು ತಿಂಗಳ ನೋವು ನನ್ನ ತಲೆಯ ಮೇಲಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.  ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು, ಮುಂದಿನ ಭಾನುವಾರ ಪಾಠಕ್ಕೆ ಬರಬಹುದೇ ಎಂದು ಕೇಳಿದಳು. ಬಾಮ್ಮ ಎಂದೆ. ಇನ್ನು ಯಾರ ಜೊತೆ ಮಾತಾಡಲು ಕಲಿಯುತ್ತೀಯೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.