ಪೆರೊನೆಲಾಳ ಕೋಳಿಸಾರು

ತುಲೂಸ್ ಸೀಮೆಯ ಆ ಗುಡ್ಡದೂರಿಗೆ ಉತ್ತರದ ದಂಡು ನುಗ್ಗಿದಾಗ ಪೆರೊನೆಲಾ ಕೋಳಿಸಾರು ಕುದಿಸುತ್ತಿದ್ದಳು. ಇಗರ್ಜಿಯನ್ನು ಒಪ್ಪದ ಪಾಷಂಡಿಗಳನ್ನು ಹುಡುಕಿ ಸುಡಬೇಕೆಂದು ಪೋಪರ ಅಪ್ಪಣೆಯಾಗಿತ್ತು. ಅಂಥ ಒಬ್ಬಳು ಅವಳ ಮನೆಯ ಮೂಲೆಯಲ್ಲೇ ನೂಲುತ್ತ ಕೂತಿದ್ದಳು, ಅಕ್ಕ ಗಿಲ್ಹೆಲ್ಮಾ. ಆ ಪಂಥದ ದೀಕ್ಷೆ ಪಡೆದ ಈ ಇಪ್ಪತ್ತು ವರ್ಷಗಳಲ್ಲಿ ಅವಳು ಮಾಂಸ, ಮೊಟ್ಟೆ ಮುಟ್ಟಿರಲಿಲ್ಲ, ಒಂದು ಇರುವೆಯನ್ನೂ ಕೊಂದಿರಲಿಲ್ಲ. ಸುಳ್ಳಂತೂ ದೂರದ ಮಾತು. ಪೆರೊನೆಲಾ ಮಾತ್ರ ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವಳು.

"ಸಿಪಾಯಿಗಳು ಕೇಳಿದ್ರೆ ಒಂದೇ ಒಂದು ಸುಳ್ಳು ಹೇಳೇ ಅಕ್ಕ."

"ಬಾಯಿಗೆ ಬರಲ್ವೇ."

"ನನ್ನ ಬೈಯೋಕೆ ಮಾತ್ರ ಏನು ಬೇಕಾದ್ರೂ ಬರುತ್ತೆ!"

ಬಾಗಿಲು ದಡಾರನೆ ತೆರೆಯಿತು. ಕೆಂಪು ಮೀಸೆಯ ಸಿಪಾಯಿಯೊಬ್ಬ ಒಳಗೆ ಬಂದ. ಕಂಕುಳಲ್ಲಿ ಜೀವಂತ ಕೋಳಿ. ಆ ಪಂಥದವರು ಕೋಳಿಯನ್ನೂ ಕೊಲ್ಲುವುದಿಲ್ಲವೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು.

"ಏ ಮುದುಕಿ, ಇದರ ಕತ್ತು ಮುರಿ," ಎಂದು ಗಿಲ್ಹೆಲ್ಮಾಳತ್ತ ಚಾಚಿದ.

ಪೆರೊನೆಲಾ ಹಾರಿ ಬಂದು ಕೋಳಿಯನ್ನು ಕಿತ್ತುಕೊಂಡು ಕತ್ತು ಲಟಕ್ಕನೆ ಮುರಿದಳು. "ಈ ಮನೇಲಿ ಕೊಲ್ಲೋಳು ನಾನು!"

"ನಿನ್ನ ಕೇಳಿದ್ನಾ?" ಅವನು ಅಕ್ಕನತ್ತ ತಿರುಗಿದ. "ನೀನು ಮಾಂಸ ತಿಂತೀಯಾ?"

"ಇಲ್ಲಪ್ಪ."

ಪೆರೊನೆಲಾಳ ಜೀವ ಬಾಯಿಗೆ ಬಂತು.

"ಯಾಕೆ ತಿನ್ನಲ್ಲ?"

ಗಿಲ್ಹೆಲ್ಮಾ ಒಲೆಯತ್ತ ನೋಡಿದಳು. "ಇವಳ ಕೈ ಸಾರು ಒಂದು ಸಲ ಬಾಯಿಗಿಟ್ಟು ನೋಡು ಮಗಾ. ನಿನಗೂ ಬೇಡ ಅನ್ಸುತ್ತೆ."

ಪೆರೊನೆಲಾಳ ಹೆದರಿಕೆಯೆಲ್ಲ ಎಲ್ಲೋ ಹಾರಿಹೋಯಿತು. "ಏನಂದೆ? ಊರೆಲ್ಲ ಹೊಗಳ್ತಾರೆ!"

"ನಿನ್ನ ಮುಂದೆ."

ಸಿಪಾಯಿ ಸೌಟಿನಲ್ಲಿ ಸಾರೆತ್ತಿ ಕುಡಿದ. ಮುಖ ಕಿವುಚಿದ, ಕಣ್ಣಲ್ಲಿ ನೀರು ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಜ್ಜಿ ಹೇಳಿದ್ದು ನಿಜ!" ಎನ್ನುತ್ತ ಸತ್ತ ಕೋಳಿಯನ್ನು ಎತ್ತಿಕೊಂಡು ಹೊರಟುಹೋದ.

ಪೆರೊನೆಲಾ ಬಹಳ ಹೊತ್ತು ಮುಖ ಊದಿಸಿಕೊಂಡಿದ್ದಳು. "ಇಪ್ಪತ್ತು ವರ್ಷ ಮನಸ್ಸಲ್ಲೇ ಇಟ್ಕೊಂಡಿದ್ಯಾ?"

"ನೀನು ಕೇಳ್ಲೇ ಇಲ್ವಲ್ಲೇ."

ಸಿಪಾಯಿಗಳು ಕುಡಿತಕ್ಕೆ ಕೂತಾಗ ಇಬ್ಬರೂ ಊರಗೋಡೆಯ ಚರ್ಮಗಾರರ ಬಾಗಿಲಿನಿಂದ ಹೊರಬಿದ್ದರು. ಅರ್ಧ ಇಳಿಜಾರಿನಲ್ಲಿ ಹಿಂದಿರುಗಿ ನೋಡಿದರೆ ಇಗರ್ಜಿಯ ಅಂಗಳದಿಂದ ಹೊಗೆ ಏಳುತ್ತಿತ್ತು. ಆ ಬೆಂಕಿಯಲ್ಲಿ ಯಾರ್ಯಾರಿದ್ದರೋ. ಅಕ್ಕ ತನ್ನ ಪ್ರಾರ್ಥನೆ ಹೇಳಿಕೊಂಡಳು, ತಂಗಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಪೆರೊನೆಲಾ ಅಕ್ಕನ ಕೈ ಹಿಡಿದವಳು ಬಿಡಲಿಲ್ಲ.

ಮೂರನೆಯ ದಿನ ಬೆಟ್ಟದ ಕುರಿಗಾಹಿಗಳ ಹಳ್ಳಿ ಸೇರಿದರು. ಅಕ್ಕನನ್ನು ಬಿಟ್ಟು ಮರುದಿನವೇ ಮರಳುತ್ತೇನೆಂದು ಪೆರೊನೆಲಾ ಎಲ್ಲರ ಮುಂದೆ ಸಾರಿದಳು. ಆ ಚಳಿಗಾಲ ಮುಗಿಯಿತು, ಮತ್ತೂ ಎರಡು ಕಳೆದವು. ಅವಳು ಅಲ್ಲೇ ಉಣ್ಣೆ ಹಿಂಜುತ್ತ ಚಳಿಯನ್ನು ಬೈಯುತ್ತಿದ್ದಳು.