ಬೈಂಡರನ ಮಗಳ ಹಸಿವು

ಮಧ್ಯಾಹ್ನ ಮೂರು ಗಂಟೆ. ಬೈಂಡರನ ನಾಲ್ಕು ವರ್ಷದ ಮಗಳು ಪುಸ್ತಕಕ್ಕೆ ಹಚ್ಚುವ ಅಂಟು ತಿಂದಿದ್ದಳು.

ಮೈದಾ ಕುದಿಸಿ ಮಾಡಿದ ಅಂಟು. ಹುಳ ಹಿಡಿಯದಿರಲಿ ಎಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಬೈಂಡರ್ ರಟ್ಟು ತರಲು ಹೋಗಿ ಬರುವಷ್ಟರಲ್ಲಿ ಬೋಗುಣಿ ಬರಿದಾಗಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೂ ಅವನ ತಾಯಿಯ ಬಾಯಿ ಸುಮ್ಮನಿರಲಿಲ್ಲ.

“ಅದೇನು ಹೊಟ್ಟೆಯೋ ಗುಡಾಣವೋ! ನೀನೇ ಮುದ್ದು ಮಾಡಿ ತಲೆ ಮೇಲೆ ಕೂರಿಸಿಕೊಂಡೆ ಕಣೋ.”

“ಮುದ್ದಾ? ಅಡುಗೆಮನೆಗೆ ಬೀಗ ಹಾಕಿದ್ದು ನಾನು. ಮಧ್ಯಾಹ್ನದ ಊಟ ತಪ್ಪಿಸು, ಬುದ್ಧಿ ಬರುತ್ತೆ ಅಂದಿದ್ದು ನೀನು.”

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀದಿಯವರು ಮಗುವನ್ನು ‘ಗುಂಡುಕಲ್ಲು’ ಅನ್ನುತ್ತಿದ್ದರು. ನಗುವವರ ಜೊತೆ ಬೈಂಡರನೂ ನಕ್ಕಿದ್ದುಂಟು.

ಮಕ್ಕಳ ಡಾಕ್ಟರು ಹೊರಗೆ ಬಂದರು. “ಹುಟ್ಟಿದಾಗ ತೂಕ ಹೇಗಿತ್ತು?”

“ಎಲ್ಲ ಮಕ್ಕಳ ಹಾಗೇ ಇತ್ತು ಮೇಡಂ,” ಎಂದಳು ಮಗುವಿನ ತಾಯಿ. ಅವಳ ತೋಳಲ್ಲಿ ಎರಡು ತಿಂಗಳ ಗಂಡುಕೂಸು ಮಲಗಿತ್ತು. “ಮೂರು ತಿಂಗಳಾದ ಮೇಲೆ ಊದಿಕೊಳ್ಳೋಕೆ ಶುರುವಾದಳು. ಎಷ್ಟು ಉಂಡರೂ ಇನ್ನೂ ಬೇಕು ಅಂತ ಅಳೋಳು.”

“ಇದು ಹೊಟ್ಟೆಬಾಕತನ ಅಲ್ಲಮ್ಮ, ಕಾಯಿಲೆ ಇರಬಹುದು. ಮೈಯಲ್ಲಿ ಕೊಬ್ಬು ಸಾಕಷ್ಟಿದೆ ಅಂತ ಮೆದುಳಿಗೆ ತಿಳಿಸೋ ಹಾರ್ಮೋನ್ ಒಂದಿದೆ, ಲೆಪ್ಟಿನ್ ಅಂತ. ಕೆಲವೇ ಕೆಲವು ಮಕ್ಕಳಲ್ಲಿ ಅದನ್ನು ಮಾಡೋ ಜೀನ್ ಕೆಟ್ಟಿರುತ್ತೆ. ಮೈ ತುಂಬಿದ್ದರೂ ಮೆದುಳು ಬರಗಾಲ ಅಂದುಕೊಳ್ಳುತ್ತೆ.”

“ನಾವೆಲ್ಲ ಕಡ್ಡಿ ಹಾಗಿದ್ದೀವಿ,” ಮುದುಕಿ ಒಪ್ಪಲಿಲ್ಲ. “ಸೊಸೆ ಕಡೆಯಿಂದ ಬಂದಿರಬೇಕು.”

“ಈ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ ಅಜ್ಜಿ. ಎರಡೂ ಕೆಟ್ಟಿದ್ದರೆ ಮಾತ್ರ ಈ ಕಾಯಿಲೆ. ಒಂದು ಕೆಟ್ಟಿದ್ದರೆ ಸಾಮಾನ್ಯವಾಗಿ ಗೊತ್ತೇ ಆಗಲ್ಲ.”

“ಬೀಗ ಹಾಕಿದ್ದು ತಪ್ಪಾಯ್ತಾ ಮೇಡಂ?” ಎಂದು ಕೇಳಿದ ಬೈಂಡರ್.

“ತಿನ್ನೋದನ್ನ ಕೈಗೆ ಸಿಗದ ಹಾಗೆ ಇಡಿ, ತಪ್ಪಿಲ್ಲ. ಆದರೆ ಹೊತ್ತುಹೊತ್ತಿಗೆ ಊಟ ಕೊಡಬೇಕು. ಉಪವಾಸ ಕೆಡವಿದರೆ ಈ ಹಸಿವು ಹೆದರಲ್ಲಪ್ಪ. ಸಿಕ್ಕಿದ್ದನ್ನ ತಿನ್ನುತ್ತೆ.”

ಮಗಳ ರಕ್ತ ಪರೀಕ್ಷೆಗೆ ಹೋಯಿತು. ಡಾಕ್ಟರು ಕೂಸಿನ ರಕ್ತವನ್ನೂ ಕೇಳಿದರು.

“ಇವನು ಚೆನ್ನಾಗಿದ್ದಾನಲ್ಲ ಮೇಡಂ?”

“ಈ ವಯಸ್ಸಿನಲ್ಲಿ ಅಕ್ಕನೂ ಚೆನ್ನಾಗೇ ಇದ್ದಳಲ್ಲಮ್ಮ.”

ಮೈಲುತುತ್ತ ಮಗುವಿನ ಮೂತ್ರಪಿಂಡಗಳನ್ನು ಕೆಡಿಸಿತ್ತು. ಆ ವಾರವೇ ಅವಳು ತೀರಿಕೊಂಡಳು. ವರದಿ ಬಂದದ್ದು ಆಮೇಲೆ. ಅಕ್ಕ ತಮ್ಮ ಇಬ್ಬರಲ್ಲೂ ಅದೇ ದೋಷ.

ಓದುಗರೇ, ದಪ್ಪಗಿರುವ ಮಕ್ಕಳಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಇದು ಬಹಳ ಅಪರೂಪ. ಆದರೆ ಹುಟ್ಟಿದ ಮೊದಲ ವರ್ಷಗಳಲ್ಲೇ ತೂಕ ಸರಸರನೆ ಏರಿದರೆ, ಉಂಡರೂ ಹಸಿವು ಇಂಗದಿದ್ದರೆ, ಮಗುವನ್ನು ಹೊಡೆಯಬೇಡಿ, ಹಂಗಿಸಬೇಡಿ, ಉಪವಾಸ ಕೆಡವಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಜೀನ್ ಪರೀಕ್ಷೆ ಬೇಕೇ ಎಂದು ಕೇಳಿ. ಇಂಥ ದೋಷಗಳಲ್ಲಿ ಎಲ್ಲದಕ್ಕೂ ಮದ್ದಿಲ್ಲ, ಕೆಲವಕ್ಕೆ ಇದೆ. ಯಾವುದೆಂದು ತಿಳಿಯದೆ ಚಿಕಿತ್ಸೆ ಇಲ್ಲ.

ಬೈಂಡರನ ಮಗನಿಗೆ ಬೇಕಾದ ಲೆಪ್ಟಿನ್ ಚುಚ್ಚುಮದ್ದು ಎಲ್ಲ ಕಡೆ ಸಿಗುವಂಥದ್ದಲ್ಲ. ಬರಲು ವರ್ಷದ ಮೇಲಾಯಿತು. ಈಗ ದಿನಾ ಬೆಳಿಗ್ಗೆ ಅದನ್ನು ಕೊಡುವವಳು ಅಜ್ಜಿ.